ಚೆಕ್ ಇನ್ಸುಲಿನ್

ಮುರಗೋಡ
೩ ಆಗಸ್ಟ್ ೧೯೭೮

…ಹಾಗಾದರೆ ಆ ಉಪ್ಪು ಹೋಗುವುದಾದರೂ ಎಲ್ಲಿಗೆ ಅಂತ ನೀನು ಕೇಳಿದೆ, ಅಷ್ಟರಲ್ಲಿ ಬಸ್ಸು ಬಂತು, ನಾನು ಹತ್ತಿಬಿಟ್ಟೆ. ತಾಯವ್ವಾ, ಸುರೇಬಾನದಿಂದ ಮುರಗೋಡದ ತನಕ ಮನಸ್ಸಿನಲ್ಲಿ ನಿನಗೆ ಉತ್ತರ ಹೇಳುತ್ತಲೇ ಬಂದೆ. ಮನಸ್ಸಿನಲ್ಲಿ ಅಂತ ನಾನು ತಿಳಿದಿದ್ದೆ. ಬಾಜು ಕೂತವನು ಎರಡು ಸಲ ನನ್ನ ಮುಖ ನೋಡಿ ಆಚೆ ಸರಿದು ಕೂತ.

ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಅದೇ ತಕರಾರು. ನಿನ್ನ ಅತ್ತಿಗೆಯ ತಮ್ಮನ ಮಗ ದುರ್ಗಪ್ಪ ಹುಬ್ಬಳ್ಳಿಯಲ್ಲಿ ಡಾಕ್ಟರಕಿ ಓದುತ್ತಾನಲ್ಲ, ರಜೆಗೆ ಬಂದಾಗ ಅವನನ್ನು ಕೂರಿಸಿಕೊಂಡು ಎಲ್ಲ ಕೇಳಿದೆ. ನಮ್ಮ ಮೈಯಲ್ಲಿ ಕೋಟಿಗಟ್ಟಲೆ ಜೀವಕೋಶ. ಒಂದೊಂದೂ ಒಂದು ಮನೆ ಅಂತ ತಿಳಿ. ಮನೆಯ ಗೋಡೆಗೆ ಒಂದು ಪಂಪು. ಅದು ಒಂದೇ ಸಮ ಉಪ್ಪನ್ನು ಹೊರಗೆ ಎತ್ತಿ ಹಾಕುತ್ತದೆ, ಪೊಟ್ಯಾಶಿಯಂ ಅಂತ ಇನ್ನೊಂದನ್ನು ಒಳಗೆ ಎಳೆಯುತ್ತದೆ. ಪಂಪು ಸಡಿಲಾಯಿತೋ, ರಕ್ತದ ನಾಳದ ಗೋಡೆಯಲ್ಲಿ ಉಪ್ಪು ಕೂತು ಗೋಡೆ ಬಿಗಿಯುತ್ತದೆ. ನಾಳ ಬಿಗಿದರೆ ಪ್ರೆಶರ್. ನಮ್ಮ ಇಂಟರ್ ಸಾಯನ್ಸಿನಲ್ಲಿ ಈ ಪಂಪು ಇರಲಿಲ್ಲ. ಆಸ್ಮಾಸಿಸ್ ಅಂತ ಒಂದಿತ್ತು. ಅದು ಏನು ಅಂತ ಈಗ ಮರೆತಿದ್ದೇನೆ, ಹೆಸರು ಮಾತ್ರ ಚೊಲೋ ನೆನಪಿದೆ.

ಇನ್ನು ಸಕ್ಕರೆ ಬೇನೆಗೆ ನೀನು ದಿನಾ ಚುಚ್ಚಿಸಿಕೊಳ್ಳುವ ಇನ್ಸುಲಿನ್. ಅದು ಸಕ್ಕರೆಗೆ ಬಾಗಿಲು ತೆರೆಯುತ್ತದೆ, ಪಂಪಿಗೆ ಹುರುಪು ಕೊಡುತ್ತದೆ, ಮೂತ್ರಪಿಂಡಕ್ಕೆ ಮಾತ್ರ “ಉಪ್ಪು ಬಿಡಬ್ಯಾಡ, ಹಿಡಕೋ” ಅನ್ನುತ್ತದೆ. ತೂಕ ಹೆಚ್ಚಾದ ಮೈ ಇದೆಯಲ್ಲ, ಅದಕ್ಕೆ ಇನ್ಸುಲಿನ್ ಮಾತು ಕೇಳಿಸುವುದಿಲ್ಲ, ಕಿವಿ ಮಂದ. ಕಿವುಡ ಮಾವನಿರುವ ಮನೆಯಲ್ಲಿ ಸೊಸೆ ಒದರಿ ಮಾತಾಡಬೇಕು ನೋಡು, ಹಾಗೆ ಇನ್ಸುಲಿನ್ ಜಾಸ್ತಿ ಜಾಸ್ತಿ ಬೇಕಾಗುತ್ತದೆ. ಆದರೆ ಮೂತ್ರಪಿಂಡ ಬಾಜು ಮನೆಯ ಹೆಂಗಸು, ಆಕೆಯ ಕಿವಿ ಚುರುಕು. ಆಕೆ ಒದರಿದ್ದನ್ನೆಲ್ಲ ಕೇಳಿ ಉಪ್ಪನ್ನು ಗಟ್ಟಿಯಾಗಿ ಹಿಡಿದು ಕೂರುತ್ತಾಳೆ. ಉಪ್ಪಿನ ಬೆನ್ನಿಗೆ ನೀರು. ಕಾಲುವೆ ನೀರು ಕುಡಿದು ಕುಡಿದು ನಿಮ್ಮೂರ ಶಂಕ್ರೆಪ್ಪನ ಎರಿ ಹೊಲ ಉಪ್ಪೊಡೆದು ಸವಳಾಯಿತಲ್ಲ, ಹಾಗೆ ಮೈಯೂ ಸವಳಾಗುತ್ತದೆ.

ಇಷ್ಟೆಲ್ಲ ಯಾಕೆ ಕೊರೆಯುತ್ತೇನೆ ಅಂದರೆ, ನಿನ್ನ ಅತ್ತಿಗೆ ಹೋಗಿ ನಾಲ್ಕು ವರ್ಷವಾಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಆಕೆಯ ಬಲಗೈ ನಿಂತಿತು. ನಾನು ಹೊರಗಿನ ಕಟ್ಟೆಯ ಮೇಲೆ ಕೂತವನು “ಯಾಕ ಸಪ್ಪಳ ನಿಂತಿತು?” ಅಂತ ಅಲ್ಲಿಂದಲೇ ಕೇಳಿದೆ. ಆಕೆಯ ಪ್ರೆಶರ್ ಎಷ್ಟಿತ್ತು ಅಂತ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ನಿನ್ನೆ ನೀನು ಎದ್ದು ನಿಲ್ಲುವಾಗ ಗೋಡೆ ಹಿಡಿದೆ. ನಾನು ಕಂಡೆ. ರಾಮದುರ್ಗಕ್ಕೆ ಹೋಗಿ ತೋರಿಸು. ಡಾಕ್ಟರು ಇಂಗ್ಲೀಷಿನಲ್ಲಿ ಏನು ಬರೆದರೂ ನನಗೆ ಕಳಿಸು, ನಾನು ಓದಿ ಹೇಳುತ್ತೇನೆ.

ನಿನ್ನ ಅಣ್ಣ
ಮಲಕಾಜಪ್ಪ


ಸುರೇಬಾನ
೧೧ ಆಗಸ್ಟ್ ೧೯೭೮

ಅಣ್ಣನಿಗೆ ತಾಯವ್ವನ ನಮಸ್ಕಾರ.

ನಿನ್ನ ಪತ್ರವನ್ನು ಮೂರು ದಿನ ಓದಿದೆ. ಮೊದಲ ದಿನ ಪಂಪಿನ ತನಕ, ಎರಡನೆಯ ದಿನ ಕಿವುಡ ಮಾವನ ತನಕ. ಮೂರನೆಯ ದಿನ ಅತ್ತಿಗೆಯದು ಬಂತು. ಮಡಚಿ ಇಟ್ಟು ಮರುದಿನವೇ ಬಾಲವಾಡಿಗೆ ರಜೆ ಹಾಕಿ ರಾಮದುರ್ಗಕ್ಕೆ ಹೋದೆ.

ಪ್ರೆಶರ್ ನೂರಾ ಎಪ್ಪತ್ತು, ಕೆಳಗೆ ನೂರಾ ಹತ್ತು. ತೂಕವನ್ನು ಮನೆಯಲ್ಲಿ ಸೇಂಗಾ ಚೀಲ ತೂಗುವ ಕಾಟಾದ ಮೇಲೆ ನಿಂತು ನೋಡಿಕೊಂಡೆ, ಎಪ್ಪತ್ತೊಂಬತ್ತು. ಎಂಟು ತಿಂಗಳ ಹಿಂದೆ ಸೂಜಿ ಶುರು ಮಾಡುವಾಗ ಅರವತ್ತೆಂಟು ಇದ್ದೆ. ಸೊಸೆ ಪದ್ಮವ್ವ “ಅತ್ತಿ, ಇನ್ನ ಇಪ್ಪತ್ತೊಂದ ಕಿಲೋ ಆದ್ರ ಕ್ವಿಂಟಲ್ ಆಕ್ಕೀರಿ” ಅಂದಳು. ಏನು ಮಾಡಲಿ, ಬೆಳಿಗ್ಗೆ ಸೂಜಿ ಆಯಿತೆಂದರೆ ಹನ್ನೊಂದಕ್ಕೆ ಕೈ ನಡುಗಿ ಹಸಿವು ಬರುತ್ತದೆ. ಮಕ್ಕಳಿಗೆ ಕೊಡುವ ಉಪ್ಪಿಟ್ಟಿನಲ್ಲಿ ಅಕ್ಕೋರಿಗೂ ಪಾಲು.

ಡಾಕ್ಟರ ಮುಂದೆ ಜನ ಬಹಳ ಇದ್ದರು. ಕಂಪೌಂಡರನಿಗೆ ಕೊಡು ಅಂತ ಒಂದು ಚೀಟಿ ಬರೆದುಕೊಟ್ಟರು. ಇಲ್ಲಿ ದಿನಾ ನನಗೆ ಸೂಜಿ ಮಾಡುವ ಕಂಪೌಂಡರ ಬಡೇಸಾಬ ಅದನ್ನು ಓದಿ, “ಅಕ್ಕಾರ, ಇನ್ಸುಲಿನ್ ಚೆಕ್ ಮಾಡ್ರಿ ಅಂತ ಬರದಾರ. ಎಷ್ಟ ಕೊಡಾಕ ಹತ್ತೇವಿ, ಅದು ಜಾಸ್ತಿ ಆಗೇತೇನು ನೋಡೂದು. ಸೋಮಾರ ರಕ್ತ ತಪಾಸ ಮಾಡಸೂಣು ನಡೀರಿ” ಅಂದ.

“ತಡಿಯೋ ಬಡೇಸಾಬ, ನಮ್ಮಣ್ಣ ಧಾರವಾಡದಾಗ ಕಾಲೇಜ ಕಲತಾನ. ಅಂವ ಓದಿ ಹೇಳ್ಲಿ” ಅಂದೆ.

“ಚೀಟಿ ಮುರಗೋಡಕ್ಕ ಹೋಗಿ ಬರೂದ್ರಾಗ ನಿಮ್ಮ ಪ್ರೆಶರ್ ಬೆಳಗಾವಿ ಮುಟ್ಟಿರತೈತ್ರಿ ಅಕ್ಕಾರ” ಅಂತ ನಕ್ಕ.

ಚೀಟಿ ಇದರೊಳಗೆ ಇಟ್ಟಿದ್ದೇನೆ. ಜಲ್ದಿ ಬರೆ.

ತಾಯವ್ವ


ಮುರಗೋಡ
೧೬ ಆಗಸ್ಟ್ ೧೯೭೮

ತಂಗಿ ತಾಯವ್ವನಿಗೆ ಆಶೀರ್ವಾದ.

ಚೀಟಿ ಮುಟ್ಟಿತು. ಚಷ್ಮಾ ಒರೆಸಿಕೊಂಡು ನಾಲ್ಕು ಸಲ ಓದಿದೆ. ಮೂರೇ ಸಾಲು. ರೆಡ್ಯೂಸ್ ವೇಟ್, ಅಂದರೆ ತೂಕ ಇಳಿಸು. ಸಾಲ್ಟ್ ರಿಸ್ಟ್ರಿಕ್ಟೆಡ್, ಉಪ್ಪಿಗೆ ನಿರ್ಬಂಧ. ಎಲ್ಲಕ್ಕಿಂತ ಮೇಲೆ, ಚೆಕ್ ಇನ್ಸುಲಿನ್.

ಬಡೇಸಾಬ ಒಳ್ಳೆಯವನು, ಅವನ ಕೈ ಹಗುರ. ಆದರೆ ಅವನದು ಬಜಾರದ ಇಂಗ್ಲೀಷು. ಅಸಲು ಅರ್ಥ ಬೇರೆ. ಕಾಲೇಜಿನಲ್ಲಿ ನಮಗೆ ಕಲಿಸುತ್ತಿದ್ದರು, ಸೇನಾಪತಿ ಚೆಕ್ಡ್ ದಿ ಎನಿಮಿ ಅಂತ. ಅಂದರೆ ಶತ್ರುವನ್ನು ನೋಡಿ ಮನೆಗೆ ಬಂದ ಅಂತಲೇ? ತಡೆದ, ಅಡ್ಡಗಟ್ಟಿ ನಿಲ್ಲಿಸಿದ ಅಂತ. ಚೆಕ್ ಅಂದರೆ ತಡೆ. ಮೂರೂ ಸಾಲು ಒಂದೇ ದಿಕ್ಕಿಗೆ ಹೋಗುತ್ತವೆ ನೋಡು: ತೂಕ ಇಳಿಸು, ಉಪ್ಪು ಕಟ್ಟು, ಇನ್ಸುಲಿನ್ ನಿಲ್ಲಿಸು. ದುರ್ಗಪ್ಪ ಹೇಳಿದ್ದಕ್ಕೂ ಇದು ಸರಿಯಾಗಿ ಕೂಡುತ್ತದೆ. ಉಪ್ಪು ಹಿಡಿದುಕೋ ಅಂತ ಒದರುವವರು ಯಾರು? ಇನ್ಸುಲಿನ್. ದೇರ್‌ಫೋರ್, ಒದರುವುದು ನಿಂತರೆ ಉಪ್ಪು ಇಳಿಯಬೇಕು, ಪ್ರೆಶರ್ ಇಳಿಯಬೇಕು.

ಸೂಜಿ ಬಿಡು. ಉಪ್ಪಿನಕಾಯಿಯನ್ನೂ ಬಿಡು. ಹಪ್ಪಳಕ್ಕೆ ಹಾಕುವ ಸೋಡಾ ಖಾರ ಇದೆಯಲ್ಲ, ಅದೂ ಉಪ್ಪಿನ ತಮ್ಮನೇ, ಹೆಸರು ಬದಲಿಸಿಕೊಂಡು ಓಡಾಡುತ್ತದೆ.

ನಿನ್ನ ಅಣ್ಣ
ಮಲಕಾಜಪ್ಪ


ಸುರೇಬಾನ
೩೦ ಆಗಸ್ಟ್ ೧೯೭೮

ಅಣ್ಣನಿಗೆ ನಮಸ್ಕಾರ.

ನೀನು ಹೇಳಿದ ಹಾಗೆ ಹತ್ತೊಂಬತ್ತನೆಯ ತಾರೀಖಿನಿಂದ ಸೂಜಿ ಬಿಟ್ಟಿದ್ದೇನೆ. ಬಡೇಸಾಬ ನನ್ನ ಮೇಲೆ ಸಿಟ್ಟಾಗಿದ್ದಾನೆ. “ದಿನಾ ಸಿರಿಂಜ ಕುದಿಸಿ ನಿಮ್ಮ ಹಾದಿ ನೋಡತೇನ್ರಿ ಅಕ್ಕಾರ, ನಾ ಏನ್ ಚಾ ಕುದಿಸೇನೇನು?” ಅಂದ. ನಿನ್ನ ಪತ್ರವನ್ನೇ ಅವನ ಕೈಗೆ ಕೊಟ್ಟೆ. ಸೇನಾಪತಿಯ ತನಕ ಓದಿ ಮಡಚಿಕೊಟ್ಟ. ಬಿಗಿ ಮುಖ ಮಾಡಿಕೊಂಡೇ ತೋಳಿಗೆ ಪಟ್ಟಿ ಸುತ್ತಿ ಪ್ರೆಶರ್ ನೋಡಿದ.

ನೂರಾ ನಲವತ್ತು. ಕಾಟಾದ ಮೇಲೆ ಎಪ್ಪತ್ತೈದು. ಹನ್ನೊಂದೇ ದಿನಕ್ಕೆ ನಾಲ್ಕು ಕಿಲೋ. ಜಂಪರು ಸಡಿಲಾಗಿದೆ, ಕೈ ನಡುಗುವುದೂ ನಿಂತಿದೆ. ನಿನ್ನ ತಲೆ ತಲೆಯೇ ಅಣ್ಣಾ.

ಈ ಸಲ ಶ್ರಾವಣದಲ್ಲೂ ಬಿಸಿಲು ಬಹಳ. ಒಂದು ತತ್ರಾಣಿ ನೀರು ನನಗೊಬ್ಬಳಿಗೇ ಸಾಲದು. ಇನ್ನೊಂದು, ಬಚ್ಚಲಲ್ಲಿ ಕರಿ ಇರಬಿ ಸಾಲು ಹಚ್ಚಿವೆ. ಪದ್ಮವ್ವ ಎಷ್ಟು ತೊಳೆದರೂ ಮತ್ತೆ ಬರುತ್ತವೆ. ಏನಾದರೂ ಉಪಾಯವಿದ್ದರೆ ಬರೆ.

ತಾಯವ್ವ


ಮುರಗೋಡ
೪ ಸೆಪ್ಟೆಂಬರ್ ೧೯೭೮

ತಾಯವ್ವಾ,

ನಿನ್ನ ಪತ್ರ ಓದಿ ಕಟ್ಟೆಯಿಂದ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ನೂರಾ ನಲವತ್ತು! ಅರವತ್ತೊಂದು ವರ್ಷ ಬಾಳಿದ್ದೇನೆ. ಸರ್ವೇ ಖಾತೆಯಲ್ಲಿ ಊರೂರು ಸರಪಳಿ ಎಳೆದದ್ದನ್ನು ಬಿಟ್ಟರೆ ನನ್ನ ಕೈಯಿಂದ ಒಬ್ಬರಿಗೂ ಉಪಯೋಗವಾದದ್ದಿಲ್ಲ. ನಿನ್ನ ಅತ್ತಿಗೆಗೆ ಆಗಲಿಲ್ಲ. ನಿನಗಾದರೂ ಆಯಿತಲ್ಲ.

ನೀರು ಎಷ್ಟು ಬೇಕಾದರೂ ಕುಡಿ, ಉಪ್ಪು ತೊಳೆದು ಹೋಗುತ್ತದೆ. ಇರಬಿಗೆ ಅರಿಷಿಣ ಪುಡಿ ಗೆರೆ ಎಳೆಯಲು ಪದ್ಮವ್ವನಿಗೆ ಹೇಳು. ಅದಕ್ಕೂ ಜಗ್ಗದಿದ್ದರೆ ಸ್ವಲ್ಪ ಚಿಮಣಿ ಎಣ್ಣೆ. ದುರ್ಗಪ್ಪನಿಗೂ ಬರೆಯಬೇಕೆಂದಿದ್ದೇನೆ, ನಮ್ಮ ಮನೆಯಲ್ಲೇ ಪ್ರಯೋಗ ಆಗಿ ಹೋಯಿತು ಅಂತ.

ಮಲಕಾಜಪ್ಪ


ಸುರೇಬಾನ
೧೪ ಸೆಪ್ಟೆಂಬರ್ ೧೯೭೮

ಅಣ್ಣಾ, ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ತೂಕ ಎಪ್ಪತ್ತು. ಪ್ರೆಶರ್ ನೂರಾ ಇಪ್ಪತ್ತು. ಮೈ ಹತ್ತಿಯ ಹಾಗೆ ಹಗುರ. ಅಕ್ಷರ ಸಣ್ಣದಾದರೆ ಮಂಜು ಮಂಜು, ಅದಕ್ಕೇ ದೊಡ್ಡದು ಬರೆದೆ. ಚಪ್ಪಲಿ ಕಚ್ಚಿ ಹಿಮ್ಮಡಿಗೆ ಒಂದು ಗುಳ್ಳೆ ಆಗಿದೆ, ಅಷ್ಟೇ. ನೀನು ಬರುವುದು ಬೇಡ. ತಾಯವ್ವ.


ಮುರಗೋಡ
೨೩ ಸೆಪ್ಟೆಂಬರ್ ೧೯೭೮

ತಾಯವ್ವಾ,

ಎಂಟು ದಿನವಾಯಿತು, ಮತ್ತೆ ಪತ್ರವಿಲ್ಲ. ಬಂದ ಕಾರ್ಡೂ ಐದಾರು ಸಾಲು, ಅಕ್ಷರ ಸೊಟ್ಟಪಟ್ಟ. ಸಿಟ್ಟಿನಲ್ಲಿ ಬರೆದದ್ದು ಅಂತ ನನಗೆ ತಿಳಿಯದೇ? ಬಡೇಸಾಬನದು ಬಜಾರದ ಇಂಗ್ಲೀಷು ಅಂದದ್ದು ನಿನಗೆ ಸೇರಿಲ್ಲ. ಅವನ ಹೆಂಡತಿ ನೂರಬಿ ನಿನ್ನ ಗೆಳತಿ, ಅವಳ ಕಿವಿಗೂ ಬಿದ್ದಿರಬೇಕು. ಹೋಗಲಿ, ಅವನಿಗೆ ಹೇಳು, ಮುದುಕನ ಬಾಯಿಗೆ ಕಡಿವಾಣವಿಲ್ಲ ಅಂತ. ಸೋಮವಾರ ಚಷ್ಮಾದ ಕಡ್ಡಿ ಸರಿಮಾಡಿಸಲು ಯರಗಟ್ಟಿಗೆ ಹೋಗುವವನಿದ್ದೇನೆ. ಅಷ್ಟರೊಳಗೆ ಎರಡು ಸಾಲು ಬರೆ. ಬೈದು ಬರೆದರೂ ಆದೀತು.

ಮಲಕಾಜಪ್ಪ


ರಾಮದುರ್ಗ, ದವಾಖಾನೆಯ ಪಡಸಾಲೆ
೨೯ ಸೆಪ್ಟೆಂಬರ್ ೧೯೭೮

ತಾಯವ್ವಾ,

ನೀನು ಗೋಡೆಯ ಆಚೆ, ನಾನು ಈಚೆ. ಹೆಂಗಸರ ವಾರ್ಡಿನೊಳಗೆ ಗಂಡಸರಿಗೆ ಬೆಳಿಗ್ಗೆ ಒಂದು ತಾಸು ಮಾತ್ರ, ಆ ತಾಸು ನೀನು ಕಣ್ಣು ಮುಚ್ಚಿದ್ದೆ. ಎಚ್ಚರಾದಾಗ ಕೊಡುತ್ತೇನೆ ಅಂತ ಆಯಾ ಲಗಮವ್ವ ಒಪ್ಪಿದ್ದಾಳೆ, ಅದಕ್ಕೆ ಬರೆಯುತ್ತಿದ್ದೇನೆ. ಎದುರಿಗೆ ನಿಂತು ಹೇಳಲು ನನಗೆ ಆಗುತ್ತಲೂ ಇರಲಿಲ್ಲ.

ಸೋಮವಾರ ಯರಗಟ್ಟಿ ಬಸ್ಸಿನಲ್ಲಿ ಕೂತಿದ್ದೆ. ನಡುದಾರಿಯಲ್ಲಿ ಬಸ್ಸು ನಿಂತಿತು, ಖಾಕಿಯವನೊಬ್ಬ ಹತ್ತಿದ. ಬಾಜುವಿನಲ್ಲಿ ಬದನೆಕಾಯಿ ಬುಟ್ಟಿ ಹಿಡಿದ ಮುದುಕಿ ನನ್ನನ್ನು ತಿವಿದಳು.

“ಟಿಕೀಟ ತಗೀಯಪಾ, ಚೆಕಿನವ ಬಂದಾನ.”

ನಾನು ಚಾಷ್ಟಿಗೆ ಕೇಳಿದೆ: “ಚೆಕ್ ಅಂದ್ರ ಏನಬೇ ಯವ್ವಾ?”

“ಚೆಕ್ ಅಂದ್ರ ಬರೊಬ್ಬರಿ ಐತೋ ಇಲ್ಲೋ ನೋಡೂದು. ಇಷ್ಟ ವಯಸ್ಸಾಗೇತಿ, ಅಷ್ಟೂ ತಿಳೀದಿಲ್ಲೇನು?”

ಟಿಕೀಟು ನನ್ನ ಕೈಯಲ್ಲೇ ಉಳಿಯಿತು. ಖಾಕಿಯವನು ಎರಡು ಸಲ ಕೇಳಿದನಂತೆ. ಆ ಮುದುಕಿ ಅಕ್ಷರ ಕಲಿತವಳಲ್ಲ. ಆಕೆಗೆ ಗೊತ್ತು, ಬಡೇಸಾಬನಿಗೆ ಗೊತ್ತು, ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತು. ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಸೇನಾಪತಿಯನ್ನು ಕಟ್ಟಿಕೊಂಡು ಕೂತಿದ್ದೆ. ಆಗ ನಿನ್ನ ಪತ್ರ, ಕಾರ್ಡು ಎರಡೂ ಕಣ್ಣ ಮುಂದೆ ಬಂದವು. ನೀರು, ಮಂಜು, ಗುಳ್ಳೆ, ಒಂದೊಂದಾಗಿ. ಬಚ್ಚಲ ಇರಬಿ ಯಾತಕ್ಕೆ ಬಂದಿದ್ದವು ತಾಯವ್ವಾ? ನಿನ್ನ ಮೈಯಿಂದ ಸೋರಿ ಹೋಗುತ್ತಿದ್ದ ಸಕ್ಕರೆಗೆ. ಅದಕ್ಕೆ ನಾನು ಅರಿಷಿಣದ ಗೆರೆ ಎಳೆಯಲು ಹೇಳಿದೆ.

ಯರಗಟ್ಟಿಯಲ್ಲಿ ಇಳಿದವನು ನೇರ ರಾಮದುರ್ಗದ ಬಸ್ಸು ಹಿಡಿದೆ, ಅಲ್ಲಿಂದ ಸುರೇಬಾನ. ನಿನ್ನ ಹಿಮ್ಮಡಿ ಕಂಡೆ. ಬಡೇಸಾಬ ಅಲ್ಲೇ ಇದ್ದ, ಬಾಡಿಗೆ ಜೀಪಿಗೆ ಹೇಳಿ ಬಂದಿದ್ದ. “ಅರ್ಥಾ ಹೇಳಾಕ ಬಂದ್ರೇನ್ರಿ?” ಅಂದ. ನಿನ್ನ ಒಂದು ತೋಳು ಅವನು ಹಿಡಿದ, ಒಂದು ನಾನು.

ಇಲ್ಲಿ ಡಾಕ್ಟರು ಹಿಮ್ಮಡಿ ಕೊಯ್ದು ಕೀವು ತೆಗೆದಿದ್ದಾರೆ, ಇನ್ಸುಲಿನ್ ಮತ್ತೆ ಶುರು ಮಾಡಿದ್ದಾರೆ. ತೂಕ ಇಳಿದದ್ದು, ಪ್ರೆಶರ್ ಇಳಿದದ್ದು ಯಾವುದೂ ಗುಣವಾಗಿರಲಿಲ್ಲ. ಸಕ್ಕರೆಯ ಸಂಗಡ ಉಪ್ಪು, ನೀರು, ಮಾಂಸ ಎಲ್ಲ ಹರಿದು ಹೋಗುತ್ತಿತ್ತು. ಈಗ ನಿನ್ನ ತಲೆಯ ಮೇಲೆ ಬಾಟಲಿ ತೂಗುಹಾಕಿದ್ದಾರಲ್ಲ, ಅದು ಏನು ಅಂತ ನರ್ಸಬಾಯಿಯನ್ನು ಕೇಳಿದೆ. ಉಪ್ಪಿನ ನೀರು ಅಂದಳು. ನಾನು ಹೊರಗೆ ಹಾಕಿಸಿದ್ದನ್ನು ಅವರು ಹನಿ ಹನಿಯಾಗಿ ಒಳಗೆ ಬಿಡುತ್ತಿದ್ದಾರೆ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಚೀಟಿ ಓದಿದ ದಿನ ನನ್ನ ಪೆನ್ನು ಒಂದು ಗಳಿಗೆ ನಿಂತಿತ್ತು. ದುರ್ಗಪ್ಪನನ್ನು ಕೇಳೋಣ ಅನ್ನಿಸಿತ್ತು. ಕೇಳಲಿಲ್ಲ. ಕೇಳಿದರೆ ನಾನು ಕಲಿತವನು ಹೇಗಾದೇನು? ಮತ್ತೆ ನಾನು ಕಲಿತವನೂ ಅಲ್ಲ. ೧೯೩೭ರಲ್ಲಿ ಇಂಟರ್ ಪರೀಕ್ಷೆಯಲ್ಲಿ ಫೇಲಾದೆ. ಬೇರೆ ಯಾವ ವಿಷಯದಲ್ಲೂ ಅಲ್ಲ, ಇಂಗ್ಲೀಷಿನಲ್ಲೇ. ಅಪ್ಪನಿಗೆ ಪಾಸು ಅಂದೆ, ನೌಕರಿ ಬಂತು ಅಂತ ಕಾಲೇಜು ಬಿಟ್ಟೆ. ನಿನ್ನ ಅತ್ತಿಗೆಗೂ ಹೇಳಿರಲಿಲ್ಲ.

ಮಲಕಾಜಪ್ಪ


ವಾರ್ಡಿನೊಳಗಿಂದ
೩೦ ಸೆಪ್ಟೆಂಬರ್

ಅಣ್ಣಾ,

ಲಗಮವ್ವನ ಪೆನ್ಸಿಲು, ಮೊಂಡಾಗಿದೆ.

ನೀನು ಫೇಲಾದದ್ದು ನನಗೆ ಅವತ್ತೇ ಗೊತ್ತಿತ್ತು. ಚಾವಡಿಗೆ ಪೇಪರು ಬಂದಿತ್ತು. ಅಪ್ಪ ನಿನ್ನ ನಂಬರು ಬರೆದ ಚೀಟಿ ಕೊಟ್ಟು “ಹುಡುಕವಾ” ಅಂದ. ಮೂರು ಸಲ ಹುಡುಕಿದೆ, ಇರಲಿಲ್ಲ. ಅಪ್ಪನ ಮುಖ ನೋಡಿದೆ. ಬೇರೆ ಯಾರದೋ ನಂಬರಿನ ಮೇಲೆ ಬೆರಳಿಟ್ಟು ಇಲ್ಲೈತಿ ಅಂದೆ. ಅಪ್ಪ ಓಣಿಗೆಲ್ಲ ಬೆಲ್ಲ ಹಂಚಿದ. ನನಗೂ ಒಂದು ತುಂಡು ಕೊಟ್ಟ. ತಿಂದೆ.

ಫೇಲಾದವನ ಮಾತು ಯಾಕೆ ಕೇಳಿದೆ ಅಂತೀಯಾ? ಬಡೇಸಾಬ ಹೇಳಿದ್ದೇ ಸರಿ ಇದ್ದೀತು ಅಂತ ನನಗೂ ಅನ್ನಿಸಿತ್ತು. ಆದರೆ ಎಂಟು ತಿಂಗಳು, ದಿನಾ ಒಂದು ತೂತು. ತೊಡೆ ಚಕ್ಕಳದ ಹಾಗೆ ಆಗಿದೆ. ಬಿಟ್ಟುಬಿಡು ಅಂತ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ. ನೀನು ಹೇಳಿದೆ. ನೀರಡಿಕೆ ಶುರುವಾದ ದಿನವೇ ನನಗೆ ತಿಳಿದಿತ್ತು, ಆದರೂ ಬಿಸಿಲು ಅಂತ ಬರೆದೆ. ನೀನು ಒಬ್ಬನೇ ಹೊರಬೇಡ.

ಆದರೆ ಒಂದು ಮಾತು. ಕಾಲು ಮಾಯಲಿ, ಆಮೇಲೆ ಮನೆಗೆ ಹೋಗಿ ಮತ್ತೆ ಆ ಸೂಜಿ ಜನ್ಮವಿಡೀ ಅಂದರೆ ನನ್ನ ಕೈಲಿ ಆಗುವುದಿಲ್ಲ. ಇವತ್ತು ಬೆಳಿಗ್ಗೆ ನರ್ಸಬಾಯಿಗೂ ಹಾಗೇ ಹೇಳಿ ಆಚೆ ಹೊರಳಿದೆ. ಮೂರು ಜನ ಹಿಡಿದು ಚುಚ್ಚಿದರು.

ತಾಯವ್ವ


ಪಡಸಾಲೆ
೩೦ ಸೆಪ್ಟೆಂಬರ್, ಸಂಜೆ

ತಾಯವ್ವಾ,

ಆ ಬೆಲ್ಲ ನಾನೂ ತಿಂದಿದ್ದೆ. ನಲವತ್ತೊಂದು ವರ್ಷ ಒಬ್ಬನೇ ತಿಂದೆ ಅಂತ ತಿಳಿದಿದ್ದೆ. ಹದಿಮೂರು ವರ್ಷದ ಹುಡುಗಿ ನೀನು. ಅದಾದ ಮೇಲೂ ಊರ ಮುಂದೆ “ನಮ್ಮಣ್ಣ ಕಾಲೇಜ ಕಲತಾನ” ಅನ್ನುತ್ತ ಬಂದೆಯಲ್ಲ, ಅದಕ್ಕೆ ಏನು ಅನ್ನಬೇಕೋ ನನಗೆ ಯಾವ ಭಾಷೆಯಲ್ಲೂ ಬರುವುದಿಲ್ಲ.

ಈಗ ಇದನ್ನು ಕೇಳು. ಇದು ನನ್ನ ಅರ್ಥವಲ್ಲ. ಮಧ್ಯಾಹ್ನ ಡಾಕ್ಟರ ಮುಂದೆ ಕೈ ಜೋಡಿಸಿ, ಚೀಟಿ ಬರೀಬ್ಯಾಡ್ರಿ, ಕನ್ನಡದಾಗ ಬಾಯಿಲೆ ಹೇಳ್ರಿ ಅಂದೆ. ಬಡೇಸಾಬನನ್ನು ಸಾಕ್ಷಿಗೆ ಬಾಜು ನಿಲ್ಲಿಸಿಕೊಂಡೆ. ನಾನು ಬರೆದದ್ದನ್ನು ಅವನು ತಿರುಗಿ ಓದಿ ಹೂಂ ಅಂದ ಮೇಲೆ ಇಲ್ಲಿ ಇಳಿಸುತ್ತಿದ್ದೇನೆ.

ನಿನಗೆ ಕೊಡುತ್ತಿದ್ದ ಇನ್ಸುಲಿನ್ ಜಾಸ್ತಿಯಾಗಿತ್ತು. ಅದಕ್ಕೇ ಹನ್ನೊಂದಕ್ಕೆ ಕೈ ನಡುಗಿ ಹಸಿವಾಗುತ್ತಿತ್ತು. ತಿಂದೆ, ತೂಕ ಏರಿತು. ತೂಕ ಏರಿದ ಮೈಯಲ್ಲಿ ಉಪ್ಪು ನಿಂತು ಪ್ರೆಶರ್ ಏರಿತು. ಎಷ್ಟು ಸಾಕು ಅಂತ ನೋಡಿ ಕಡಿಮೆ ಮಾಡೋಣ ಅಂತಲೇ ಅವರು ಆ ಸಾಲು ಬರೆದದ್ದು. ಪಂಪಿನ ಮಾತು, ಒದರುವ ಸೊಸೆಯ ಮಾತು ಎಲ್ಲ ತೆಗೆದೆ. ನಕ್ಕರು. “ಅಜ್ಜಾರ, ನೀವು ಹೇಳೂದು ಪೂರ್ತಿ ಸುಳ್ಳಲ್ರಿ. ಇನ್ಸುಲಿನ್ ಉಪ್ಪು ಹಿಡೀತೈತಿ ಅಂತ ಹೊರದೇಶದಾಗೂ ಹುಡುಕಾಕ ಹತ್ಯಾರ, ಇನ್ನೂ ಯಾರಿಗೂ ಪೂರಾ ಗೊತ್ತಾಗಿಲ್ಲ. ಆದ್ರ ಮನ್ಯಾಗ ಒದರತಾಳ ಅಂತ ಸೊಸೀನ್ನ ಹೊರಗ ಹಾಕಿದ್ರ ರೊಟ್ಟಿ ಮಾಡಾವ್ರ ಯಾರ್ರಿ?” ಅಂದರು. ಇನ್ನು ಮುಂದೆ ಸೂಜಿ ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಉಪ್ಪು ಕಡಿಮೆ. ತೂಕ ಅರವತ್ತೆಂಟು ದಾಟಬಾರದು. ಹೀಗೆ ನಡೆದರೆ ನಿನ್ನ ಕಣ್ಣು, ಕಾಲು ನಿನಗೇ ಉಳಿಯುತ್ತವೆ. ಸೂಜಿ ಬಿಟ್ಟರೆ ಮುಂದಿನ ಸಲ ಬರೀ ಹಿಮ್ಮಡಿ ಕೊಯ್ದರೆ ಸಾಲದು ಅಂತಲೂ ಅಂದರು. ಇದನ್ನು ಬರೆಯಬೇಡಿ ಅಂತ ಬಡೇಸಾಬ ಕಣ್ಣು ಮಾಡಿದ. ಬರೆದೆ. ಇನ್ನು ಮೇಲೆ ನಿನ್ನಿಂದ ಏನೂ ಮುಚ್ಚಿಡುವುದಿಲ್ಲ.

ಜನ್ಮವಿಡೀ ಅನ್ನುವುದನ್ನು ನನ್ನ ಕೈಲೂ ಎತ್ತಲಾಗದು. ನಿನ್ನ ಅತ್ತಿಗೆ ಹೋದ ಮೇಲೆ ಜನ್ಮವಿಡೀ ಒಬ್ಬನೇ ಅಂತ ಯೋಚಿಸಿದ ದಿನವೆಲ್ಲ ಎದ್ದು ಹಲ್ಲು ಉಜ್ಜುವುದೂ ಆಗುತ್ತಿರಲಿಲ್ಲ. ನಿನಗೆ ಪತ್ರ ಬರೆಯುವುದಿದೆ ಅಂದುಕೊಂಡ ದಿನ ಏಳುತ್ತಿದ್ದೆ. ನಾಳಿನದನ್ನು ನಾಳೆ ನೋಡೋಣ. ಈ ಸಂಜೆಯದೊಂದು ಮಾಡಿಸಿಕೋ. ಬೇಕಾದರೆ ನನ್ನನ್ನು ಬೈಯುತ್ತ ಮಾಡಿಸಿಕೋ, ಜೋರಾಗಿಯೇ ಬೈ, ಈ ಕಿಟಕಿಗೆ ಬಾಗಿಲಿಲ್ಲ, ಎಲ್ಲ ಕೇಳಿಸುತ್ತದೆ. ಬಡೇಸಾಬ ಇಲ್ಲೇ ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕೂತಿದ್ದಾನೆ. ನಾನು ಅವನ ಹತ್ತಿರ ಸಿರಿಂಜ ಹಿಡಿಯುವುದನ್ನು ಕಲಿಯಲೇ ಅಂತ ಕೇಳಿದೆ. “ಮೊದಲ ಬದನಿಕಾಯಿಗೆ ಚುಚ್ಚಿ ಕಲೀರಿ, ತಂಗೀಗೆ ಆಮ್ಯಾಲೆ” ಅಂದ.

ಬೆಳಕು ಹೋಗುತ್ತಿದೆ, ಸಾಲು ಸಾಲಿನ ಮೇಲೇರುತ್ತಿದೆ. ನರ್ಸಬಾಯಿ ತಾಟಿನಲ್ಲಿ ಸೂಜಿ ಮುಚ್ಚಿಕೊಂಡು ಬರುತ್ತಿದ್ದಾಳೆ, ಈ ಚೀಟಿಯನ್ನು ಅವಳ ಕೈಯಲ್ಲೇ ಕೊಡುತ್ತೇನೆ. ಓದುವುದು ಆಮೇಲಾಗಲಿ. ಮೊದಲು ತೋಳು ಚಾಚು, ಅವಳು ಬಂದೇಬಿ…